ಹೊಸ ಪ್ಯಾಡ್ ಹಾಕುವ ಮುನ್ನ



ನಾವು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹೆಂಗಸರು. ಇವತ್ತು ಕಾರಿನ ಬ್ರೇಕಿನ ಬಗ್ಗೆ ಮಾತಾಡುತ್ತೇವೆ. ಇದು ಗಂಡಸರ ವಿಷಯ ಅಂತ ಎದ್ದು ಹೋಗಬೇಡಿ. ನಿಮ್ಮಲ್ಲಿ ಕೆಲವರು ಕಾರು ಓಡಿಸಲು ಕಲಿಯುತ್ತಿದ್ದೀರಿ. ಕೆಲವರ ಮನೆಯವರು ಬಾಡಿಗೆ ಕಾರು ಓಡಿಸುತ್ತಾರೆ. ಬ್ರೇಕ್ ಸರಿಯಿದ್ದರೆ ತಾನೇ ಅವರು ಸಂಜೆ ಮನೆಗೆ ಬರೋದು?

ಬ್ರೇಕ್ ಹೇಗೆ ಹಿಡಿಯುತ್ತದೆ? ಕಾರಿನ ಮುಂದಿನ ಚಕ್ರದ ಒಳಗೆ ಕಬ್ಬಿಣದ ಒಂದು ತಟ್ಟೆ ಇರುತ್ತದೆ. ಅದೇ ಡಿಸ್ಕ್. ಅದರ ಎರಡು ಕಡೆ ಒಂದೊಂದು ಪ್ಯಾಡ್. ಪ್ಯಾಡುಗಳನ್ನು ಇಕ್ಕಳದ ಹಾಗೆ ಹಿಡಿದಿರುವುದು ಕ್ಯಾಲಿಪರ್. ಅದರ ಒಳಗೆ ಪಿಸ್ಟನ್ ಇದೆ. ನಾವು ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುತ್ತೇವಲ್ಲ, ಹಾಗೆ ಪಿಸ್ಟನ್ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಚಕ್ರ ನಿಲ್ಲುತ್ತದೆ.

ಸಾಬೂನು ಸವೆದ ಹಾಗೆ ಪ್ಯಾಡೂ ಸವೆಯುತ್ತದೆ. ಸವೆದಷ್ಟೂ ಪಿಸ್ಟನ್ ಹೊರಗೆ ಬಂದು ನಿಲ್ಲುತ್ತದೆ. ಪ್ಯಾಡಿನ ಪದರ 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸಬೇಕು. ಎಡಕ್ಕೂ ಬಲಕ್ಕೂ ಒಟ್ಟಿಗೇ ಹಾಕಬೇಕು. ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಹೊಸ ಪ್ಯಾಡ್ ದಪ್ಪ. ಹೊರಗೆ ಬಂದ ಪಿಸ್ಟನ್ ಅದಕ್ಕೆ ಜಾಗ ಬಿಡುವುದಿಲ್ಲ. ಅದನ್ನು ಹಿಂದಕ್ಕೆ ತಳ್ಳಬೇಕು. ಹೇಗೆ?

ಕಾರು ಸಮನೆಲದಲ್ಲಿ ನಿಲ್ಲಲಿ. ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ.

ಆಮೇಲೆ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಿದ ಕೊಡಕ್ಕೆ ಚೆಂಬು ಅದ್ದಿದರೆ ನೀರು ಚೆಲ್ಲುತ್ತದೆ, ಅಲ್ವಾ? ಪಿಸ್ಟನ್ ಹಿಂದೆ ಹೋದರೆ ಆಯಿಲ್ ಮೇಲೆ ಬರುತ್ತದೆ. ಡಬ್ಬಿ ತುಂಬಿದ್ದರೆ ಸ್ವಲ್ಪ ತೆಗೆಯಿರಿ. ಈ ಆಯಿಲ್ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಓದಿ ನೋಡಿ ಅದನ್ನೇ ಹಾಕಿ. ಇಂಜಿನ್ ಆಯಿಲ್ ಹಾಕಿದರೆ ರಬ್ಬರ್ ಊದಿ ಬ್ರೇಕೇ ಹೋಗುತ್ತದೆ. ಓದು ಬಂದರೆ ಪ್ರಾಣ ಉಳಿಯುತ್ತದೆ ಎನ್ನುವುದು ಇಲ್ಲಿ ಬರೀ ಮಾತಲ್ಲ.

ಕ್ಯಾಲಿಪರನ್ನು ಪೈಪಿನಲ್ಲಿ ಜೋತು ಬಿಡಬೇಡಿ. ತಂತಿಯಿಂದ ಕಟ್ಟಿ. ಪಿಸ್ಟನ್ ಮೇಲೆ ಹಳೆಯ ಪ್ಯಾಡ್ ಇಟ್ಟು, ಸಿ ಕ್ಲ್ಯಾಂಪಿನಿಂದ ನಿಧಾನವಾಗಿ ಬಿಗಿಯಿರಿ. ನೇರವಾಗಿ ಒಳಗೆ ಹೋಗುತ್ತದೆ. ಸ್ಕ್ರೂ ಡ್ರೈವರಿನಿಂದ ಮೀಟಬೇಡಿ, ಸುತ್ತಲಿನ ರಬ್ಬರ್ ಹರಿಯುತ್ತದೆ. ಹೋಗಲೇ ಇಲ್ಲವೇ? ಸುತ್ತಿಗೆ ಹಿಡಿಯಬೇಡಿ, ಅದು ತುಕ್ಕು ಹಿಡಿದಿರಬಹುದು. ಕೆಲವು ಕಾರುಗಳ ಹಿಂದಿನ ಪಿಸ್ಟನ್ ತಿರುಗಿಸಿದರೆ ಮಾತ್ರ ಹೋಗುತ್ತದೆ. ಕ್ಯಾಲಿಪರ್ ಬಿಚ್ಚಿರುವಾಗ ಯಾರೂ ಪೆಡಲ್ ತುಳಿಯಬಾರದು. ಪಿಸ್ಟನ್ ಕಳಚಿ ಬೀಳುತ್ತದೆ. ಪ್ಯಾಡಿನ ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಲ್ಲ ಜೋಡಿಸಿದ ಮೇಲೆ ಒಂದು ಮುಖ್ಯ ಕೆಲಸ ಉಳಿದಿದೆ. ಪಿಸ್ಟನ್ ಹಿಂದೆ ಹೋಗಿದೆ. ಪ್ಯಾಡಿಗೂ ಅದಕ್ಕೂ ನಡುವೆ ಜಾಗ ಇದೆ. ಹಾಗಾಗಿ ಮೊದಲ ಸಲ ತುಳಿದಾಗ ಪೆಡಲ್ ಬುಡದವರೆಗೂ ಹೋಗುತ್ತದೆ. ಬ್ರೇಕ್ ಹಿಡಿಯುವುದಿಲ್ಲ! ಹಾಗೇ ರಸ್ತೆಗೆ ಇಳಿದರೆ ಎದುರಿನ ಲಾರಿಗೆ ಯಾರು ಹೇಳಬೇಕು? ಕಾರು ನಿಂತಲ್ಲೇ ಮತ್ತೆ ಮತ್ತೆ ತುಳಿಯಿರಿ. ಪೆಡಲ್ ಗಟ್ಟಿಯಾಗುತ್ತದೆ. ಆಯಿಲ್ ಮಟ್ಟ ನೋಡಿ. ಖಾಲಿ ಜಾಗದಲ್ಲಿ ನಿಧಾನ ಓಡಿಸಿ, ನಿಲ್ಲಿಸಿ ನೋಡಿ.

ನೀವೇ ಈ ಕೆಲಸ ಮಾಡದಿದ್ದರೂ, ಗ್ಯಾರೇಜಿನಿಂದ ಕಾರು ತರುವಾಗ ಒಂದು ಮಾತು ಕೇಳಿ: "ಪೆಡಲ್ ತುಳಿದು ನೋಡಿದಿರಾ?" ನಗುವವರು ನಗಲಿ. ನೀವು ಸಂಕೋಚ ಬಿಟ್ಟು, ತುಳಿದು ನೋಡಿಯೇ ಹೊರಡಿ.