ಸಿಗಡಿ ಸಿಪ್ಪೆ ಮತ್ತು ಸಕ್ಕರೆ ಕಾಯಿಲೆಯವರ ಗಾಯ

(ಕಾಸಿಮೇಡಿನಲ್ಲಿ ನಡೆದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳು)



ಬಂದರು ದಾಟಿ ಬರುವಾಗ ನಿಮ್ಮಲ್ಲಿ ಹಲವರು ಮೂಗು ಮುಚ್ಚಿಕೊಂಡಿರಬೇಕು. ನಾನೂ ಮುಚ್ಚಿಕೊಂಡೆ. ಆ ವಾಸನೆಯಲ್ಲಿ ಒಂದು ಪಾಲು ಸಿಗಡಿ, ಏಡಿಗಳ ಸಿಪ್ಪೆಯದು. ಇವತ್ತು ನಾನು ಹೇಳಬೇಕಾದ ವಿಷಯ ಶುರುವಾಗುವುದು ಅಲ್ಲಿಂದಲೇ.

ಸಿಪ್ಪೆಯನ್ನು ತೊಳೆದು ಆಮ್ಲದಲ್ಲಿ ನೆನೆಸಿದರೆ ಸುಣ್ಣದ ಅಂಶ ಹೋಗುತ್ತದೆ. ಕ್ಷಾರದಲ್ಲಿ ಕಾಯಿಸಿದರೆ ಪ್ರೋಟೀನ್ ಹೋಗುತ್ತದೆ. ಉಳಿಯುವುದು ಕೈಟಿನ್. ಅದನ್ನು ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಕೈಟೊಸಾನ್ ಸಿಗುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದರೆ ನೀರು ಹಿಡಿದಿಡುವ ಹೈಡ್ರೋಜೆಲ್ ಆಗುತ್ತದೆ. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯ ಹಾಗೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೈಟೊಸಾನ್ ಮೇಲೆ ಬಹಳ ಕೆಲಸ ಮಾಡಿದೆ. ನಮ್ಮ ಅಡ್ಯಾರಿನ ಚರ್ಮ ಸಂಶೋಧನಾ ಸಂಸ್ಥೆ ಕೊಲಾಜೆನ್‌ನಿಂದ ಗಾಯದ ಪಟ್ಟಿ ಮಾಡುವ ಸಂಶೋಧನೆ ನಡೆಸಿದೆ. (ದಯವಿಟ್ಟು ಯಾರೂ ಮನೆಯಲ್ಲಿ ಸಿಪ್ಪೆ ಪುಡಿ ಮಾಡಿ ಗಾಯಕ್ಕೆ ಹಾಕಬೇಡಿ. ಸಿಗಡಿ ತಿಂದರೆ ಅಲರ್ಜಿ ಆಗುವವರು ಪಟ್ಟಿ ಕಟ್ಟಿಸಿಕೊಳ್ಳುವ ಮೊದಲೇ ವೈದ್ಯರಿಗೆ ಹೇಳಿ.)

ಗಾಯ ಒಣಗಬೇಕು ಎಂದು ನಮಗೆಲ್ಲ ಅಜ್ಜಿಯರು ಹೇಳಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ತೋರಿಸಿದರು. ಜೆಲ್ ಪಟ್ಟಿಯ ಕೆಲಸ ಮುಖ್ಯವಾಗಿ ಅದೇ. ಬಿಚ್ಚುವಾಗ ಹೊಸ ಚರ್ಮವನ್ನು ಕಿತ್ತುಕೊಂಡು ಬರುವುದೂ ಇಲ್ಲ. ಆದರೆ ಕೀವು ತುಂಬಿದ, ತುಂಬಾ ಸೋರುವ ಗಾಯಕ್ಕೆ, ರಕ್ತ ಸರಿಯಾಗಿ ಹರಿಯದ ಕಾಲಿಗೆ ಅದೊಂದೇ ಸಾಲದು.

ನಮ್ಮವರೊಬ್ಬರ ವಿಷಯ ಹೇಳುತ್ತೇನೆ. ಹೋಟೆಲ್ ಅಡುಗೆಮನೆಯಲ್ಲಿ ನಿಂತೇ ವಯಸ್ಸು ಕಳೆದವರು. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜಡವಾಗಿದ್ದವು. ಅಂಗಾಲಲ್ಲಿ ಗಾಯ ಆಗಿದೆ ಎಂದು ಗೊತ್ತಾದದ್ದು ನೋವಿನಿಂದಲ್ಲ, ನೆಲದ ಮೇಲಿನ ಕಲೆಯಿಂದ. ಸಂಘದ ಹಣದಲ್ಲಿ ಒಳ್ಳೆಯ ಜೆಲ್ ಪಟ್ಟಿ ಕೊಡಿಸಿದೆವು. ಅವರು ಪಟ್ಟಿ ಕಟ್ಟಿಕೊಂಡೇ ಮಾರನೆಯ ದಿನ ಒಲೆಯ ಮುಂದೆ ನಿಂತರು. ರಜೆ ಹಾಕಿದರೆ ಮನೆ ನಡೆಯುವುದು ಹೇಗೆ? ದಿನವಿಡೀ ಮೈಭಾರ ಬೀಳುವ ಗಾಯ ಯಾವ ಜೆಲ್ ಹಾಕಿದರೂ ಕೂಡುವುದಿಲ್ಲ. ಕೊನೆಗೆ ಒಂದು ಬೆರಳು ಹೋಯಿತು. ತಪ್ಪು ಅವರದಲ್ಲ. ಪಟ್ಟಿಗೆ ಹಣ ಕೊಟ್ಟು ವಿಶ್ರಾಂತಿಗೆ ಕೊಡದ ನಮ್ಮ ಲೆಕ್ಕ ತಪ್ಪಿತ್ತು.

2021ರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಚಿಕಿತ್ಸೆಗೆ ನಾವು ದೂರ ಹೋಗಬೇಕಿಲ್ಲ. ಪಕ್ಕದ ರಾಯಪುರದಲ್ಲಿ ಪ್ರೊ. ಎಂ. ವಿಶ್ವನಾಥನ್ 1954ರಲ್ಲಿ ಕಟ್ಟಿದ ಮಧುಮೇಹ ಆಸ್ಪತ್ರೆ ಇದೆ. ಕೊರತೆ ಇರುವುದು ಬೇರೆ ಕಡೆ. ಆದ್ದರಿಂದ ನನ್ನ ಕೋರಿಕೆ: ಈ ಸಲದ ನಿಧಿಯಿಂದ ಪಟ್ಟಿಯ ಜೊತೆಗೆ ಭಾರ ತಪ್ಪಿಸುವ ಪಾದರಕ್ಷೆಗೂ, ಗಾಯ ಮಾಯುವ ತನಕ ಕೆಲಸಕ್ಕೆ ಹೋಗದವರ ಮನೆಯ ದಿನಸಿಗೂ ಹಣ ತೆಗೆದಿಡೋಣ. ದಾನಿಗಳು ರಸೀದಿಯಲ್ಲಿ ‘ಪಾದ ರಕ್ಷಣೆ’ ಎಂದು ಬರೆಸಿದರೆ ಸಾಕು.

ಊಟಕ್ಕೆ ಏಳುವ ಮೊದಲು, ಸಕ್ಕರೆ ಕಾಯಿಲೆ ಇರುವವರು ಚಪ್ಪಲಿ ಬಿಟ್ಟು ಆ ಕಡೆಯ ಬೆಂಚಿನ ಮೇಲೆ ಕುಳಿತುಕೊಳ್ಳಿ. ಅಂಗಾಲು ನೋಡುತ್ತೇನೆ. ಸಂಕೋಚ ಬೇಡ.