ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಈಗೇನು?

ನಾನು ದಾವಣಗೆರೆಯವನು. ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ನಾನು ವಕೀಲ ಅಲ್ಲ, ಇನ್ಶೂರೆನ್ಸ್ ಏಜೆಂಟೂ ಅಲ್ಲ. ಇವತ್ತು ಹೇಳೋದು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ. ನಿಮಗೆ ಅದು ಆಗಬಾರದು ಅಂತ ಅಷ್ಟೇ.

ಹೋದ ವರ್ಷ ದೀಪಾವಳಿ ಮುಗಿಸಿ ಅಮ್ಮನನ್ನು ಕರ್ಕೊಂಡು ಕಾರಲ್ಲಿ ಪುಣೆಗೆ ವಾಪಸ್ ಬರ್ತಿದ್ದೆ. ಸಾತಾರಾ ಕಡೆಯಿಂದ ಬರೋರಿಗೆ ಗೊತ್ತಿರುತ್ತೆ, ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್ ತನಕ ಇಳಿಜಾರು. ಮುಂದೆ ಗಾಡಿಗಳು ನಿಂತಿದ್ದವು, ನಾನೂ ನಿಲ್ಲಿಸಿದೆ. ಹಿಂದಿನಿಂದ ಒಂದು ತರಕಾರಿ ಟೆಂಪೋ ಬಂದು ಗುದ್ದಿತು. ಬಂಪರ್ ಕಳಚಿ ಬಿತ್ತು, ಡಿಕ್ಕಿ ಒಳಗೆ ಹೋಯ್ತು. ಹಿಂದಿನ ಸೀಟಲ್ಲಿದ್ದ ಅಮ್ಮ ಮುಂದಕ್ಕೆ ಮುಗ್ಗರಿಸಿ ಕೈ ಊರಿದ್ರು. ಬೆಲ್ಟ್ ಹಾಕಿರಲಿಲ್ಲ. ಹಾಕ್ಕೋ ಅಂತ ನಾನೂ ಹೇಳಿರಲಿಲ್ಲ.

ಡ್ರೈವರ್ ಇಪ್ಪತ್ತೈದರ ಆಸುಪಾಸಿನ ಹುಡುಗ. ನಾವು ಮಾತಾಡೋದು ಕೇಳಿ ಅವನ ಮುಖವೇ ಬದಲಾಯ್ತು. "ಕನ್ನಡದವ್ರೇನ್ರಿ? ನಾ ಇಂಡಿ ತಾಲೂಕಿನಾಂವ ರೀ. ಗಾಡಿ ಮಾಲಕರದೈತ್ರಿ, ಇನ್ಸೂರೆನ್ಸ್ ತುಂಬಿಲ್ರಿ. ಪೊಲೀಸ್ರಿಗೆ ಹೇಳಬ್ಯಾಡ್ರಿ, ನನ್ನ ಕೆಲಸ ಹೋಗ್ತೈತಿ" ಅಂದ. ಅಮ್ಮ "ಪಾಪ, ಬಿಡೋ" ಅಂದ್ರು. ಮಾಲೀಕನಿಗೆ ಫೋನ್ ಮಾಡಿಸಿದ, ನನ್ನ ಮೊಬೈಲಿಗೆ ಐದು ಸಾವಿರ ಬಂತು. ನಂಬರ್ ಪ್ಲೇಟಿನ ಒಂದು ಫೋಟೋ ತೆಗೆದು ಮನೆಗೆ ಬಂದುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ತಟ್ಟೆ ಹಿಡಿಯೋಕೆ ಆಗ್ತಿಲ್ಲ. ಮಣಿಕಟ್ಟು ಊದಿಕೊಂಡಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕಾಯ್ತು.

ಮಾರನೇ ದಿನ ಪೊಲೀಸರಿಗೆ ದೂರು ಕೊಟ್ಟೆ. ಅವರು ಹೋಗಿ ನೋಡೋ ಹೊತ್ತಿಗೆ ಟೆಂಪೋ ರಿಪೇರಿ ಆಗಿತ್ತು, ಹುಡುಗ ಊರಿಗೆ ಹೋಗಿದ್ದ. "ದುಡ್ಡು ಕೊಟ್ಟು ಅಲ್ಲೇ ಮುಗಿಸಿದೀವಲ್ಲ" ಅಂದ ಮಾಲೀಕ.

ಆಫೀಸಲ್ಲಿ ಪ್ರೊಡಕ್ಷನ್ ಬಿದ್ದಾಗ ನಾವು ಏನ್ ಮಾಡ್ತೀವಿ? ಮೊದಲು ಲಾಗ್ ತೆಗೆದಿಡ್ತೀವಿ, ಯಾರ ತಪ್ಪು ಅನ್ನೋದು ಆಮೇಲೆ. ರಸ್ತೆಯಲ್ಲಿ ಅದೇ ಬುದ್ಧಿ ನನಗೆ ಬರಲಿಲ್ಲ. ಹಾಗಾಗಿ ಮೊದಲ ಮಾತು: ರಸ್ತೆಯಲ್ಲಿ ರಾಜಿ ಬೇಡ. ಒಳಗಿನ ಪೆಟ್ಟು ಎಷ್ಟೋ ಸಲ ಆರು ಗಂಟೆ ಆದ ಮೇಲೆ ಗೊತ್ತಾಗುತ್ತೆ. 112ಕ್ಕೆ ಫೋನ್ ಮಾಡಿ. ಎರಡೂ ಗಾಡಿ, ನಂಬರ್, ಡ್ರೈವರ್ ಲೈಸೆನ್ಸ್, ಜಾಗ, ಎಲ್ಲದರ ಫೋಟೋ ತೆಗೀರಿ. ಅಲ್ಲೇ ನಿಂತು ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ನೋಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಯಾಕಂದ್ರೆ ಸಂಜೆ ಮನೆಗೆ ಹೋಗಿ ಹೊಸ ಪಾಲಿಸಿ ಮಾಡಿಸಿ, ಆಕ್ಸಿಡೆಂಟ್ ಆಗಿದ್ದು ಅದಾದ ಮೇಲೆ ಅನ್ನೋರೂ ಇದ್ದಾರೆ.

ಪೊಲೀಸರಿಗೆ ಹೇಳೋದ್ರಿಂದ ಇನ್ನೂ ಎರಡು ಲಾಭ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆ ಪ್ರಕಾರ, ರಸ್ತೆ ಅಪಘಾತದಲ್ಲಿ ಗಾಯ ಆದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತೆ. ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೂ ಸಿಗುತ್ತೆ. ಎರಡನೇದು, ವಿಮೆ ಇಲ್ಲದೆ ಅಪಘಾತ ಮಾಡಿದ ಗಾಡಿಯನ್ನು ಮಾಲೀಕ ತಕ್ಕ ಭದ್ರತೆ ಕೊಡದೆ ಬಿಡಬಾರದು, ಇಲ್ಲಾಂದ್ರೆ ಹರಾಜು ಹಾಕಿ ಆ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು, ಹಾಗೆ ನಿಯಮ ಮಾಡಿ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಹೇಳಿದೆ. ಅಂದರೆ ನನಗಿದ್ದ ಒಂದೇ ಗ್ಯಾರಂಟಿ ಆ ಟೆಂಪೋ. ಅದನ್ನೇ ಐದು ಸಾವಿರಕ್ಕೆ ಬಿಟ್ಟು ಕಳಿಸಿದೆ.

ಇನ್ನು ಕಾರಿನ ವಿಷಯ. ಅವರ ಹತ್ರ ವಿಮೆ ಇಲ್ಲ ಅಂದ್ರೆ ನಮ್ಮ ಕಾರಿಗೂ ದುಡ್ಡು ಬರಲ್ಲ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ನಿಮ್ಮದು ಕಾಂಪ್ರಹೆನ್ಸಿವ್ ಪಾಲಿಸಿ ಆಗಿದ್ರೆ ನಿಮ್ಮ ಕಂಪನಿಯೇ ರಿಪೇರಿಗೆ ಕೊಡುತ್ತೆ. ಬರೀ ಥರ್ಡ್ ಪಾರ್ಟಿ ಆಗಿದ್ರೆ ಕೊಡಲ್ಲ. ನನ್ನದು ಕಾಂಪ್ರಹೆನ್ಸಿವ್, ಆದರೆ ಸವಕಳಿ ಕಳೆಯದ ಝೀರೋ ಡೆಪ್ ಇರಲಿಲ್ಲ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ಕಳೀತಾರೆ, ಬಂಪರಿನ ಅರ್ಧ ದುಡ್ಡು ನನ್ನ ಜೇಬಿಂದ ಹೋಯ್ತು. ಮೂರು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ 35 ಶೇಕಡಾ ನೋ ಕ್ಲೇಮ್ ಬೋನಸ್ಸೂ ಹೋಯ್ತು, ತಪ್ಪು ನನ್ನದಲ್ಲದಿದ್ದರೂ. ಇನ್ನೊಂದು ವಿಷಯ: ನಿಮಗೆ ಕೊಟ್ಟ ಹಣವನ್ನು ಗುದ್ದಿದವರಿಂದ ವಸೂಲು ಮಾಡೋ ಹಕ್ಕು ವಿಮಾ ಕಂಪನಿಗೆ ಇರುತ್ತೆ. ನೀವು "ಎಲ್ಲಾ ಮುಗೀತು" ಅಂತ ರಸ್ತೆಯಲ್ಲಿ ಬರೆದುಕೊಟ್ಟರೆ ಆ ಹಕ್ಕಿಗೆ ಕಲ್ಲು ಹಾಕಿದ ಹಾಗೆ. ಕ್ಲೇಮಿಗೂ ತೊಂದರೆ ಆಗಬಹುದು.

ಈಗ ಅಮ್ಮನ ಕೈ. ಆಸ್ಪತ್ರೆ ಬಿಲ್ಲು ನನ್ನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಹೋಯ್ತು, ಪುಣ್ಯಕ್ಕೆ ಅಪ್ಪ ಅಮ್ಮನ ಹೆಸರು ಸೇರಿಸಿದ್ದೆ. ಆದರೆ ನಾಲ್ಕು ತಿಂಗಳು ಅಮ್ಮನಿಗೆ ರೊಟ್ಟಿ ತಟ್ಟೋಕಾಗಲಿಲ್ಲ, ಸೀರೆ ಉಡೋಕೂ ಇನ್ನೊಬ್ಬರು ಬೇಕಿತ್ತು. ಇದಕ್ಕೆಲ್ಲ ಪರಿಹಾರ ಕೇಳೋ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೆ ಡ್ರೈವರ್ ಮತ್ತು ಮಾಲೀಕರೇ ಕೈಯಿಂದ ಕೊಡಬೇಕು. ಗೃಹಿಣಿಯ ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿದೆ.

ನಮ್ಮಂಥ ಹೊರಗಿರೋರಿಗೆ ಮುಖ್ಯವಾದ ಮಾತು ಇಲ್ಲಿದೆ. ಈ ಅರ್ಜಿಯನ್ನು ಅಪಘಾತ ಆದ ಊರಲ್ಲೇ ಹಾಕಬೇಕು ಅಂತ ಇಲ್ಲ. ಗಾಯ ಆದವರು ವಾಸ ಇರೋ ಜಾಗದಲ್ಲೂ ಹಾಕಬಹುದು, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತೆ. ಅಮ್ಮ ದಾವಣಗೆರೆಯಲ್ಲೇ ಹಾಕಿದ್ರು. ಸಾಕ್ಷಿ ಹೇಳೋಕೆ ಮರಾಠಿ ಕಲಿಯೋ ಕಷ್ಟ ತಪ್ತು. ಆದರೆ ಅಪಘಾತ ಆಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಆಫೀಸ್ ಗಲಾಟೆಯಲ್ಲಿ ಆರು ತಿಂಗಳು ಹೇಗೆ ಹೋಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕ್ಯಾಲೆಂಡರಿನಲ್ಲಿ ಅವತ್ತೇ ಗುರುತು ಹಾಕಿ.

ಕೇಸು ಇನ್ನೂ ನಡೀತಿದೆ. ಹಣ ಬಂದಿಲ್ಲ. ಬರುತ್ತೆ ಅಂತ ಆದೇಶ ಆದ್ರೂ ಮಾಲೀಕನಿಂದ ವಸೂಲಿ ಬೇರೆಯೇ ಕೆಲಸ. ವಿಮೆ ಇದ್ದಿದ್ರೆ ಆ ಕಷ್ಟ ಕಂಪನಿಯದು, ನಮ್ಮದಾಗ್ತಿರಲಿಲ್ಲ. ಅಮ್ಮ ಮಾತ್ರ ಪ್ರತೀ ತಾರೀಕಿಗೂ ಕೇಳ್ತಾರೆ, "ಆ ಹುಡುಗಂಗೆ ಏನೂ ಆಗಲ್ಲ ತಾನೇ?" ಅಂತ. ನನ್ನ ಹತ್ರ ಸರಿಯಾದ ಉತ್ತರ ಇಲ್ಲ. ವಿಮೆ ಕಟ್ಟದೆ ಅವನನ್ನು ರಸ್ತೆಗೆ ಕಳಿಸಿದವನು ಮಾಲೀಕ. ಆದರೆ ಅರ್ಜಿಯಲ್ಲಿ ಇಬ್ಬರ ಹೆಸರೂ ಇದೆ.

ಕೊನೆಗೆ ಒಂದು ವಿಷಯ ಹೇಳಿ ಮುಗಿಸ್ತೀನಿ. ಕೋಪದಲ್ಲಿ ಒಂದು ದಿನ ಆ ಆ್ಯಪ್‌ನಲ್ಲಿ ನಮ್ಮ ಮನೆ ಗಾಡಿಗಳ ನಂಬರ್ ಎಲ್ಲಾ ಹಾಕ್ತಾ ಹೋದೆ. ಅಪ್ಪನ ಸ್ಕೂಟರ್ 2019ರಲ್ಲಿ ತಗೊಂಡಿದ್ದು. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಶೋರೂಮಲ್ಲೇ ಸೇರಿ ಬರುತ್ತೆ, ಹಾಗಾಗಿ ಯಾರಿಗೂ ನೆನಪಿರಲ್ಲ. 2024ಕ್ಕೇ ಮುಗಿದಿತ್ತು. ನೆನಪಿಸೋ ಮೆಸೇಜೆಲ್ಲ ಪುಣೆಗೆ ಬಂದ ಮೇಲೆ ನಾನು ಬಿಟ್ಟ ಹಳೇ ನಂಬರಿಗೆ ಹೋಗ್ತಿತ್ತು. ಅಪ್ಪ ದಿನಾ ಅದೇ ಸ್ಕೂಟರಲ್ಲಿ ಮಾರ್ಕೆಟ್ಟಿಗೆ ಹೋಗ್ತಿದ್ರು. ಯಾರಿಗಾದ್ರೂ ತಾಗಿದ್ದಿದ್ರೆ ಆ ಟೆಂಪೋ ಮಾಲೀಕನ ಜಾಗದಲ್ಲಿ ನಾವಿರ್ತಿದ್ವಿ. ಉಳಿಸಿದ್ದು ಎಷ್ಟು? 2022ರ ದರದಲ್ಲಿ ವರ್ಷಕ್ಕೆ 714 ರೂಪಾಯಿ, ಮೇಲೆ ತೆರಿಗೆ.

ಈ ವಿಡಿಯೋ ಮುಗಿದ ತಕ್ಷಣ ಊರಿಗೆ ಒಂದು ಫೋನ್ ಮಾಡಿ. ಮನೆ ಮುಂದೆ ನಿಂತಿರೋ ಗಾಡಿ ನಂಬರ್ ಕೇಳಿ, ಆ್ಯಪ್‌ನಲ್ಲಿ ಹಾಕಿ ನೋಡಿ. ಹಿಂದಿನ ಸೀಟಲ್ಲಿ ಕೂತವರಿಗೂ ಬೆಲ್ಟ್ ಹಾಕಿಸಿ.