ತಣ್ಣನೆ ಗಾಳಿಯಿಂದ ಬೆಚ್ಚನೆ ಮನೆ

ಮಕ್ಕಳೇ, ಭೂಪಟ ಬಿಡಿಸಿಕೊಂಡು ಯುರೋಪಿನ ಎಡತುದಿಗೆ ಬನ್ನಿ. ಅಲ್ಲೊಂದು ದ್ವೀಪವಿದೆ, ಐರ್ಲೆಂಡ್. ಅದರ ಪಶ್ಚಿಮ ದಡದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಕೂತಿರುವ ಊರೇ ಗಾಲ್ವೇ. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಸಿದ ಕನ್ನಡದ ಮನೆಗಳೂ ಇವೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಹತ್ತಿರಹತ್ತಿರ ಒಂಬತ್ತು ಗಂಟೆ. ಸಂಜೆ ನಾಲ್ಕೂವರೆಯೊಳಗೆ ಮುಳುಗಿಯೂ ಆಯಿತು! ಜನವರಿಯ ಸರಾಸರಿ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್. ಜೊತೆಗೆ ಬಿಡದೆ ಹಿಡಿಯುವ ಮಳೆ, ಸಮುದ್ರದ ಗಾಳಿ.

ಇಂಥ ಊರಲ್ಲಿ ಮನೆಯೊಳಗೆ ಬೆಚ್ಚಗಿರುವುದು ಹೇಗೆ? ಹಿಂದಿನವರು ಜೌಗುನೆಲದಿಂದ ಕಪ್ಪು ಹೆಂಟೆಗಳನ್ನು ಕತ್ತರಿಸಿ, ಬಿಸಿಲಿಗೆ ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಸಾವಿರಾರು ವರ್ಷಗಳಿಂದ ಅರೆಕೊಳೆತು ಕೂತ ಸಸ್ಯಗಳೇ ಆ ಹೆಂಟೆ. ಅದಕ್ಕೆ ಪೀಟ್ ಎನ್ನುತ್ತಾರೆ. ಆಮೇಲೆ ಕಲ್ಲಿದ್ದಲು ಬಂತು, ಸೀಮೆಎಣ್ಣೆಯ ಬಾಯ್ಲರ್ ಬಂತು. ಎಲ್ಲದರಲ್ಲೂ ಏನಾದರೊಂದು ಉರಿಯಲೇಬೇಕು, ಹೊಗೆ ಹೋಗಲೇಬೇಕು.

ಈಗ ಅಲ್ಲಿನ ಅನೇಕ ಮನೆಗಳ ಹೊರಗೋಡೆಯ ಪಕ್ಕ ಒಂದು ದೊಡ್ಡ ಪೆಟ್ಟಿಗೆ ಕಾಣಿಸುತ್ತದೆ. ಮುಂದೆ ಫ್ಯಾನು ತಿರುಗುತ್ತಿರುತ್ತದೆ. ಒಳಗೆ ಬೆಂಕಿಯಿಲ್ಲ, ಮೇಲೆ ಹೊಗೆಯಿಲ್ಲ. ಅದರ ಹೆಸರು ಹೀಟ್ ಪಂಪ್. ಹೊರಗಿನ ತಣ್ಣನೆ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಮನೆಯೊಳಗೆ ತಂದುಹಾಕುವುದೇ ಅದರ ಕೆಲಸ.

“ತಣ್ಣನೆ ಗಾಳಿಯಲ್ಲಿ ಶಾಖವೇ? ತಮಾಷೆ ಮಾಡಬೇಡಿ!” ಅಂತೀರಾ? ಅನ್ನಿ, ಅನ್ನಲೇಬೇಕು. ‘ತಣ್ಣಗೆ’ ಎನ್ನುವುದು ನಮ್ಮ ಚರ್ಮ ಹೇಳುವ ಮಾತು. ಯಾವ ವಸ್ತುವಾದರೂ ಮೈನಸ್ 273 ಡಿಗ್ರಿಯವರೆಗೂ ಇಳಿದರೆ ಮಾತ್ರ, ಇನ್ನು ಅದರಿಂದ ತೆಗೆಯಲು ಶಾಖವೇ ಉಳಿದಿಲ್ಲ ಎನ್ನಬಹುದು. ಅಲ್ಲಿಂದ ಎಣಿಸಿದರೆ ಗಾಲ್ವೇಯ 6 ಡಿಗ್ರಿ ಗಾಳಿ 279 ಮೆಟ್ಟಿಲು ಮೇಲೆ ನಿಂತಿದೆ. ಅದರಲ್ಲಿ ಬೇಕಾದಷ್ಟು ಶಾಖವಿದೆ.

ಹಾಗೆ ಕೆಳಗಿನಿಂದ ಎಣಿಸುವುದನ್ನು ಕಲಿಸಿದವರು ಲಾರ್ಡ್ ಕೆಲ್ವಿನ್. ಅವರ ಮೂಲ ಹೆಸರು ವಿಲಿಯಂ ಥಾಮ್ಸನ್. 1824ರಲ್ಲಿ ಹುಟ್ಟಿದ್ದು ಇದೇ ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ. ಯಂತ್ರವೊಂದರಿಂದ ಹೊರಗಿನ ಶಾಖವನ್ನು ಒಳಗೆ ಸಾಗಿಸಿ ಕಟ್ಟಡ ಬೆಚ್ಚಗೆ ಮಾಡಬಹುದು ಎಂದು ಅವರು ಬರೆದದ್ದು 1852ರಲ್ಲಿ. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ! ಕೆಲವೇ ವರ್ಷಗಳ ನಂತರ ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ಎಂಬವರು ಉಪ್ಪು ತಯಾರಿಸುವ ಜಾಗದಲ್ಲಿ ಅಂಥ ಯಂತ್ರ ಕಟ್ಟಿ ನೋಡಿದರು.

ಇದನ್ನು ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳೋಣ. ನಿಮ್ಮ ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಅಲ್ಲವೇ? ಕೆಳಗಿದ್ದ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುತ್ತದೆ, ಅಷ್ಟೆ. ಕರೆಂಟು ಖರ್ಚಾಗುವುದು ಎತ್ತುವುದಕ್ಕೆ. ಹೀಟ್ ಪಂಪ್ ಕೂಡ ಹಾಗೇ. ತಗ್ಗಿನಲ್ಲಿರುವ ಶಾಖವನ್ನು ಎತ್ತರಕ್ಕೇರಿಸುತ್ತದೆ. ಆದ್ದರಿಂದಲೇ ಒಂದು ಯೂನಿಟ್ ಕರೆಂಟಿಗೆ ಅದು ಸುಮಾರು ಮೂರು ಯೂನಿಟ್ ಶಾಖ ತಂದುಕೊಡಬಲ್ಲದು. ಮಾಮೂಲಿ ಕರೆಂಟ್ ಹೀಟರ್ ಕೊಡುವುದು ಒಂದಕ್ಕೆ ಒಂದೇ.

ಎತ್ತುವುದು ಹೇಗೆ? ಅಂಗೈಗೆ ಒಂದು ಹನಿ ಸ್ಯಾನಿಟೈಸರ್ ಹಾಕಿ ಊದಿ. ತಣ್ಣಗಾಯಿತೇ? ದ್ರವ ಆವಿಯಾಗುವಾಗ ನಿಮ್ಮ ಕೈಯಿಂದ ಶಾಖ ಎಳೆದುಕೊಂಡಿತು. ಈಗ ಸೈಕಲ್ಲಿಗೆ ಗಾಳಿ ಹೊಡೆದು, ಪಂಪಿನ ಬುಡ ಮುಟ್ಟಿ. ಬೆಚ್ಚಗಿದೆ! ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಹೀಟ್ ಪಂಪಿನ ಗುಟ್ಟೆಲ್ಲ ಈ ಎರಡರಲ್ಲೇ ಇದೆ.

ಪೆಟ್ಟಿಗೆಯೊಳಗಿನ ಕೊಳವೆಗಳಲ್ಲಿ ಬಲು ಬೇಗ ಕುದಿಯುವ ಒಂದು ದ್ರವ ಸುತ್ತುತ್ತಿರುತ್ತದೆ. ಈಚಿನ ಹಲವು ಯಂತ್ರಗಳಲ್ಲಿ ಅದು ಪ್ರೊಪೇನ್. ನಮ್ಮ ಅಡುಗೆ ಸಿಲಿಂಡರಿನಲ್ಲೂ ಇರುವ ಅನಿಲವೇ. ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ! ಶಾಖ ಯಾವಾಗಲೂ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೇ ಹರಿಯುವುದು. ಹೊರಗಿನ ಗಾಳಿ 6 ಡಿಗ್ರಿ, ಕೊಳವೆಯೊಳಗಿನ ದ್ರವ ಸೊನ್ನೆಗಿಂತಲೂ ಕೆಳಗೆ. ಹಾಗಾಗಿ ಗಾಳಿಯ ಶಾಖ ತಾನಾಗಿ ಕೊಳವೆಯೊಳಕ್ಕೆ ನುಗ್ಗುತ್ತದೆ. ದ್ರವ ಕುದಿದು ಅನಿಲವಾಗುತ್ತದೆ.

ಆ ಅನಿಲವನ್ನು ಕಂಪ್ರೆಸರ್ ಗಟ್ಟಿಯಾಗಿ ಒತ್ತುತ್ತದೆ. ಅದು ಬಿಸಿಯೇರುತ್ತದೆ. ಆ ಬಿಸಿಯನ್ನು ಮನೆಯೊಳಗೆ ಹೋಗುವ ನೀರಿಗೆ ಕೊಟ್ಟು, ಮತ್ತೆ ದ್ರವವಾಗಿ, ಒಂದು ಕಿರಿದಾದ ಕವಾಟ ದಾಟಿ ತಣ್ಣಗಾಗಿ ಮೊದಲಿನ ಜಾಗಕ್ಕೆ ಬರುತ್ತದೆ. ಹೀಗೆ ಸುತ್ತು ಸುತ್ತು. ನಿಮ್ಮ ಮನೆಯ ಫ್ರಿಜ್ಜೂ ಇದೇ ಯಂತ್ರ. ಒಳಗಿನ ಶಾಖವನ್ನು ಹಿಂಬದಿಯಿಂದಲೋ ಪಕ್ಕದಿಂದಲೋ ಹೊರಹಾಕುತ್ತದೆ.

ಹಾಗಾದರೆ ಪೆಟ್ಟಿಗೆ ಕೊಂಡುತಂದು ಇಟ್ಟರೆ ಮುಗಿಯಿತೇ? ಇಲ್ಲ ಪುಟ್ಟಾ, ಅಸಲಿ ಕೆಲಸ ಇರುವುದೇ ಇಲ್ಲಿ. ಅದನ್ನು ಕೂರಿಸಲು ಬರುವ ಪರಿಣತರು ಮೊದಲು ತೆಗೆಯುವುದು ಸ್ಪ್ಯಾನರನ್ನಲ್ಲ, ಅಳತೆ ಟೇಪನ್ನು. ಒಂದೊಂದು ಕೋಣೆಗೂ ಹೋಗಿ ಗೋಡೆ, ಕಿಟಕಿ, ಚಾವಣಿ ಅಳೆಯುತ್ತಾರೆ. ಹೊರಗೆ ಕೊರೆಯುವ ಚಳಿಯಿದ್ದಾಗ ಈ ಕೋಣೆಯಿಂದ ಗಂಟೆಗೆ ಎಷ್ಟು ಶಾಖ ತಪ್ಪಿಸಿಕೊಂಡು ಹೋಗುತ್ತದೆ? ಅದು ತಿಳಿಯದೆ ಎಷ್ಟು ದೊಡ್ಡ ಯಂತ್ರ ಬೇಕೆಂದು ಹೇಳಲಾಗದು.

ತುಂಬ ತಪ್ಪಿಸಿಕೊಳ್ಳುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಐರ್ಲೆಂಡಿನ ಎಷ್ಟೋ ಮನೆಗಳಿಗೆ ಜೋಡಿಗೋಡೆ. ನಡುವೆ ಖಾಲಿ ಜಾಗ. ಹೊರಗೋಡೆಗೆ ಅಲ್ಲಲ್ಲಿ ತೂತು ಕೊರೆದು, ಸಾಸಿವೆಗಿಂತ ತುಸು ದೊಡ್ಡದಾದ ಥರ್ಮಾಕೋಲ್ ಮಣಿಗಳನ್ನು ಅಂಟಿನ ಜೊತೆ ಕೊಳವೆಯಿಂದ ಊದುತ್ತಾರೆ. ಮಣಿಗಳು ಮೂಲೆಮೂಲೆಗೂ ಇಳಿದು ಕಚ್ಚಿಕೊಳ್ಳುತ್ತವೆ. ಅಟ್ಟದ ಮೇಲೆ ಉಣ್ಣೆಯಂಥ ದಪ್ಪ ಹಾಸು ಹಾಸುತ್ತಾರೆ. ಅಲ್ಲಿನ ಸರ್ಕಾರಿ ಇಂಧನ ಸಂಸ್ಥೆ ಎಸ್‌ಇಎಐ ಸಹಾಯಧನ ಕೊಡುವಾಗ, ಹಳೆಯ ಮನೆಗಳ ಶಾಖ ಸೋರಿಕೆಯನ್ನು ಮೊದಲು ಲೆಕ್ಕಹಾಕಿಸುವ ನಿಯಮ ತಂದದ್ದು ಇದಕ್ಕೇ.

ಮುಂದೆ ರೇಡಿಯೇಟರಿನ ಸರದಿ. ಗೋಡೆಗೆ ಒರಗಿಸಿದ, ಒಳಗೆ ಬಿಸಿನೀರು ಹರಿಯುವ ಲೋಹದ ಹಲಗೆ ಅದು. ಎಣ್ಣೆ ಬಾಯ್ಲರಿನಲ್ಲಿ ನೀರು 70 ಡಿಗ್ರಿಯಷ್ಟು ಕಾಯುತ್ತದೆ. ಹೀಟ್ ಪಂಪಿಗೆ 35ರಿಂದ 45 ಡಿಗ್ರಿಯೇ ಹಿತ. ಬಾವಿ ಆಳವಾದಷ್ಟೂ ಪಂಪಿಗೆ ದಣಿವು ಹೆಚ್ಚಲ್ಲವೇ? ಶಾಖವನ್ನೂ ಹೆಚ್ಚು ಎತ್ತರಕ್ಕೆ ಎತ್ತಿದಷ್ಟು ಕರೆಂಟು ಹೆಚ್ಚು. ನೀರು ಉಗುರುಬೆಚ್ಚಗಿದ್ದರೂ ಕೋಣೆ ಬೆಚ್ಚಗಾಗಬೇಕಾದರೆ ಹಲಗೆ ಅಗಲವಾಗಿರಬೇಕು. ಅದಕ್ಕೆ ದೊಡ್ಡ ರೇಡಿಯೇಟರ್ ಹಾಕುತ್ತಾರೆ. ಇಲ್ಲವೇ ನೆಲದಡಿಯಲ್ಲೇ ಕೊಳವೆ ಸುತ್ತಿಸಿ ಇಡೀ ನೆಲವನ್ನು ಬೆಚ್ಚಗೆ ಮಾಡುತ್ತಾರೆ.

ಕೊನೆಗೆ ಹೊರಗಿನ ಪೆಟ್ಟಿಗೆ. ಕಾಂಕ್ರೀಟ್ ಕಟ್ಟೆಯ ಮೇಲೆ, ರಬ್ಬರಿನ ಕಾಲು ಕೊಟ್ಟು ಬಿಗಿಯುತ್ತಾರೆ, ಗುಂಯ್‌ಗುಡುವ ಸದ್ದು ಗೋಡೆಗೆ ಹತ್ತದಿರಲಿ ಎಂದು. ಗಾಲ್ವೇಯ ಗಾಳಿಯಲ್ಲಿ ಉಪ್ಪಿದೆ. ಕಡಲಂಚಿನ ಮನೆಗಾದರೆ ತುಕ್ಕು ತಡೆಯುವ ಲೇಪನವಿರುವ ಯಂತ್ರವನ್ನೇ ಆರಿಸುತ್ತಾರೆ. ಗಾಳಿಯಲ್ಲಿ ತೇವವೂ ವಿಪರೀತ. ತಣ್ಣನೆ ಕೊಳವೆಗಳ ಮೇಲೆ ಅದು ಬಿಳಿ ಹಿಮವಾಗಿ ಕೂರುತ್ತದೆ. ಆಗ ಯಂತ್ರ ಕೆಲವು ನಿಮಿಷ ಉಲ್ಟಾ ತಿರುಗಿ, ಮನೆಯ ಕಡೆಯಿಂದ ಒಂದಿಷ್ಟು ಶಾಖ ತಂದು ಹಿಮ ಕರಗಿಸಿಕೊಳ್ಳುತ್ತದೆ. ಪೆಟ್ಟಿಗೆಯಿಂದ ಬುಸ್ಸೆಂದು ಬಿಳಿ ಆವಿ ಏಳುತ್ತದೆ. ನೋಡಿದವರು ಹೊಗೆಯೆಂದು ಗಾಬರಿಯಾಗುವುದುಂಟು! ಕರಗಿದ ನೀರು ಕಾಲುದಾರಿಯಲ್ಲಿ ಹೆಪ್ಪುಗಟ್ಟಿ ಯಾರೂ ಜಾರದಂತೆ ಕೆಳಗೆ ಜಲ್ಲಿಯ ಗುಂಡಿ ಮಾಡಿರುತ್ತಾರೆ.

ಕಡುಚಳಿ ಬಿದ್ದರೆ? ಗಾಲ್ವೇಯ ಪಕ್ಕದ ಮೇಯೊ ಸೀಮೆಯ ಸ್ಟ್ರೇಡ್ ಎಂಬಲ್ಲಿ 2010ರ ಕ್ರಿಸ್‌ಮಸ್ ದಿನ ಮೈನಸ್ 17.5 ಡಿಗ್ರಿ ದಾಖಲಾಗಿತ್ತು. ಅಂಥ ಗಾಳಿಯಲ್ಲೂ ಶಾಖ ಉಂಟು. ಬಾವಿ ಆಳವಾಗಿರುತ್ತದೆ, ಅಷ್ಟೆ.

ಗಾಳಿಯಿಂದಲೇ ಎತ್ತಬೇಕೆಂದೂ ಇಲ್ಲ. ಗಾಲ್ವೇಯ ಸಾಲ್ಟ್‌ಹಿಲ್ ಕಡಲತೀರದಲ್ಲಿ ಅಟ್ಲಾಂಟಕ್ವೇರಿಯಾ ಎಂಬ ದೊಡ್ಡ ಮತ್ಸ್ಯಾಲಯವಿದೆ. ಅಲ್ಲಿ ಸಮುದ್ರದ ನೀರಿನಿಂದಲೇ ಶಾಖ ಎತ್ತುವ ಹೀಟ್ ಪಂಪ್ ಕೂರಿಸಿದ್ದಾರೆ. ಚಳಿಗಾಲದಲ್ಲಿ ಸಮುದ್ರ ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲವಲ್ಲ, ಅಲ್ಲಿ ಬಾವಿ ಆಳ ಕಡಿಮೆ.

ಈಗ ಒಂದು ಪ್ರಶ್ನೆ, ನೀವೇ ಬಿಡಿಸಬೇಕು. ಬೇಸಿಗೆಯಲ್ಲಿ ಬಳ್ಳಾರಿಯ ಅಂಗಡಿಯೊಂದರ ಹೊರಗೆ, ಏಸಿ ಪೆಟ್ಟಿಗೆಯ ಮುಂದೆ ನಿಂತರೆ ಮುಖಕ್ಕೆ ಬಿಸಿಗಾಳಿ ರಾಚುತ್ತದೆ. ಜನವರಿಯಲ್ಲಿ ಗಾಲ್ವೇಯ ಮನೆಯೊಂದರ ಹೊರಗೆ ಹೀಟ್ ಪಂಪಿನ ಫ್ಯಾನಿನ ಮುಂದೆ ನಿಂತರೆ ಎಂಥ ಗಾಳಿ ಬಂದೀತು? ಸುತ್ತಲಿನ ಗಾಳಿಗಿಂತ ಬೆಚ್ಚಗೋ, ತಣ್ಣಗೋ? ಶಾಖ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ಕಾಗದದ ಮೇಲೆ ಒಂದು ಬಾಣ ಬರೆಯಿರಿ. ಉತ್ತರ ಆ ಬಾಣದಲ್ಲೇ ಇದೆ.